ವಂತಿಗೆ ತರುವವರು, ಕಾರ್ಯಕ್ರಮ ನಡೆಸುವವರು: ಮನಸ್ತಾಪ ತಪ್ಪಿಸುವ ಬಗೆ



ಗುಂಡುಮಾಲ್, ಮಕ್ತಲ್, ಗದ್ವಾಲ್ ಭಾಗದ ನಮ್ಮಂಥ ಸಂಘಗಳಲ್ಲಿ ಕೆಲವರು ಅಂಗಡಿ, ಮನೆ ಸುತ್ತಿ ವಂತಿಗೆ ತರುತ್ತಾರೆ. ಕೆಲವರು ಕನ್ನಡ ತರಗತಿ, ರಾಜ್ಯೋತ್ಸವ ನಡೆಸುತ್ತಾರೆ. “ತಂದ ಹಣ ಎಲ್ಲಿ ಹೋಯಿತು?” ಎಂದು ಇವರು, “ನಮ್ಮನ್ನು ಕೇಳದೆ ಮಾತು ಕೊಟ್ಟಿದ್ದೇಕೆ?” ಎಂದು ಅವರು.

ಇದಕ್ಕೆ ದೂರವೂ ಒಂದು ಕಾರಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳೂ ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ತಾಲ್ಲೂಕೂ ಮಹಬೂಬ್‌ನಗರಕ್ಕೆ ಸೇರಿದವು. ನಮ್ಮ ನೆಂಟಸ್ತಿಕೆ, ವ್ಯಾಪಾರ ಇಂದಿಗೂ ಗಡಿಯಾಚೆಗಿವೆ. ಕೊಡುವವರು ಒಂದೂರಿನಲ್ಲಿ, ಕೆಲಸ ಇನ್ನೊಂದೂರಿನಲ್ಲಿ.

ಒಂದು ಉದಾಹರಣೆ. ದಾನಿಯೊಬ್ಬರು ಮಕ್ಕಳ ಪುಸ್ತಕಕ್ಕೆಂದು ₹10,000 ಕೊಟ್ಟರು ಎನ್ನೋಣ. ತರಗತಿಯಲ್ಲಿ ಪುಸ್ತಕಗಳಿವೆ, ಮೇಷ್ಟ್ರ ಬಸ್ ಚಾರ್ಜಿಗೆ ದುಡ್ಡಿಲ್ಲ. ನಡೆಸುವವರು ₹4,000 ಅದಕ್ಕೆ ಬಳಸಿದರು. ಹಣ ಪೋಲಾಗಲಿಲ್ಲ, ಆದರೆ ಕೊಟ್ಟ ಮಾತು ತಪ್ಪಿತು. ದಾನಿಗೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎನಿಸುತ್ತದೆ. ವಂತಿಗೆ ತಂದವರು ಮತ್ತೆ ಆ ಬಾಗಿಲಿಗೆ ಹೋಗಲಾರರು. ಕೊನೆಗೆ ತರಗತಿ ನಿಲ್ಲುತ್ತದೆ. ನಷ್ಟ ಅಕ್ಷರ ಕಲಿಯುವ ಮಗುವಿಗೆ.

ಆದ್ದರಿಂದ ಈ ಕ್ರಮಗಳನ್ನು ಸೂಚಿಸುತ್ತೇವೆ:

1. ವಂತಿಗೆಗೆ ಹೊರಡುವ ಮುನ್ನ ನಡೆಸುವವರು ಒಂದು ಪುಟದ ಅಂದಾಜು ಪಟ್ಟಿ ಕೊಡಲಿ. ಗೌರವಧನ, ಪ್ರಯಾಣ, ಬಾಡಿಗೆ, ಜೆರಾಕ್ಸ್ ಎಲ್ಲವೂ ಅದರಲ್ಲಿರಲಿ. ಪಟ್ಟಿಯಲ್ಲಿಲ್ಲದ್ದಕ್ಕೆ ತರುವವರು ಮಾತು ಕೊಡಬಾರದು.

2. ರಸೀದಿಯಲ್ಲಿ ಹಣದ ಉದ್ದೇಶ ಬರೆಯಿರಿ: ‘ಇಂಥ ಕೆಲಸಕ್ಕೆ’ ಅಥವಾ ‘ಸಂಘದ ಎಲ್ಲ ಕೆಲಸಗಳಿಗೆ’. ಮೊದಲನೆಯದನ್ನು ಬೇರೆಡೆ ಬಳಸಬೇಕಾದರೆ ದಾನಿಯ ಒಪ್ಪಿಗೆ ಬರಹದಲ್ಲಿರಲಿ.

3. ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. 80ಜಿ ನೋಂದಣಿ ಇರುವ ಸಂಘಕ್ಕೆ ಕೊಟ್ಟರೂ ₹2,000 ಮೀರಿದ ನಗದಿಗೆ ದಾನಿಗೆ ತೆರಿಗೆ ರಿಯಾಯಿತಿ ಸಿಗದು.

4. ಕೆಲಸ ಮುಗಿದ ತಿಂಗಳೊಳಗೆ ನಡೆಸುವವರು ವೋಚರ್ ಸಹಿತ ಲೆಕ್ಕ ಕೊಡಲಿ. ಅದರ ಪ್ರತಿಯನ್ನು ತರುವವರು ದಾನಿಗೆ ಮುಟ್ಟಿಸಲಿ.

5. ವರ್ಷಕ್ಕೊಮ್ಮೆಯಾದರೂ ವಂತಿಗೆ ತರುವವರು ತರಗತಿಯಲ್ಲಿ ಕೂರಲಿ, ಮೇಷ್ಟ್ರು ಅವರೊಂದಿಗೆ ದಾನಿಯ ಮನೆಗೆ ಹೋಗಲಿ. ಬಾಗಿಲಲ್ಲಿ ನಿಂತು ಕೇಳುವ ಸಂಕೋಚ ಮೇಷ್ಟ್ರಿಗೂ, ಬಸ್ ಚಾರ್ಜಿಲ್ಲದೆ ತರಗತಿ ನಡೆಸುವ ಕಷ್ಟ ತರುವವರಿಗೂ ತಿಳಿಯುತ್ತದೆ.

ನವೆಂಬರ್ ಸಮೀಪಿಸಿದಾಗ ಅವಸರದಲ್ಲಿ ಇವೆಲ್ಲ ಆಗುವುದಿಲ್ಲ. ಪ್ರತಿ ಊರಿನ ಘಟಕದವರು ಮುಂದಿನ ಸಭೆಗೆ ತಮ್ಮ ಅಂದಾಜು ಪಟ್ಟಿಯೊಂದಿಗೆ ಬರಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ