ತಾಯಿ ಯಾರ ಮನೆಯದು?

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನದ ಪೇಟೆ ಸೇರುತ್ತದೆ. ಇಂಡಿ, ಸಿಂದಗಿ ಕಡೆಯಿಂದ ಬಂದ ರೈತ ಹೋರಿ ನೋಡುವ ಪರಿಯನ್ನು ಪಕ್ಕದಲ್ಲಿ ನಿಂತು ಗಮನಿಸಬೇಕು. ಕೋಡಿಗೆ ಎಣ್ಣೆ ಹಚ್ಚಿರುತ್ತಾರೆ, ಹೆರೆದು ನುಣುಪು ಮಾಡಿರುತ್ತಾರೆ. ಅದು ಅವನಿಗೂ ಗೊತ್ತು, ಹಾಗಾಗಿ ಕೋಡನ್ನು ಆಮೇಲೆ ನೋಡುತ್ತಾನೆ. ಮೊದಲು ತುಟಿ ಸರಿಸಿ ಹಲ್ಲು ಎಣಿಸುತ್ತಾನೆ. ಹಿಣಿಲಿನಿಂದ ಬಾಲದ ಬುಡದವರೆಗೆ ಅಂಗೈ ಎಳೆಯುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಬರುತ್ತದೆ: ‘ತಾಯಿ ಯಾರ ಮನೀದ್ರೀ?’

ಮಾರುವವನು ಊರು, ಮನೆತನ ಹೇಳುತ್ತಾನೆ. ಆ ಮನೆಯ ಹೆಸರು ಕೇಳಿದವನಿಗೆ ಒಪ್ಪಿಗೆಯಾದರೆ ದಲ್ಲಾಳಿ ಟವೆಲ್ ಹಾಸುತ್ತಾನೆ, ಅದರ ಮರೆಯಲ್ಲಿ ಬೆರಳು ಹಿಡಿದು ದರದ ಮಾತು ಶುರುವಾಗುತ್ತದೆ. ತಳಿಯ ಪ್ರಮಾಣಪತ್ರ ಅಂತ ನಮ್ಮ ಸೀಮೆಯಲ್ಲಿ ಇದ್ದದ್ದು ಇದೇ: ನೋಡುವವನ ಕೈ, ಹೇಳುವವನ ಮುಖ. ಸುಳ್ಳು ಹೇಳಿದವನು ಮುಂದಿನ ವರ್ಷ ಅದೇ ಪೇಟೆಗೆ ಬರಬೇಕಿತ್ತು.

ಭೀಮೆಯ ದಂಡೆಯ ಇಂಡಿ, ಸಿಂದಗಿಗೆ ಸೊಲ್ಲಾಪುರ ಹತ್ತಿರ. ಆ ಕಡೆಯ ಖಿಲಾರಿಯೇ ಇಲ್ಲಿಯ ಖಿಲಾರಿ. ಬಿಳಿಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೋಡು, ಬಿಗಿ ಚರ್ಮ, ಓಟದ ಕಾಲು. ಪಶುತಜ್ಞರು ಈ ತಳಿಯ ಒಳಗೇ ಆಟಪಾಡಿ ಮಹಲ್, ಮ್ಹಸವಡ, ತಾಪಿ ದಂಡೆಯ ಥಿಲ್ಲಾರಿ ಎಂದು ಕವಲು ಗುರುತಿಸಿದ್ದಾರೆ. ಇನ್ನೊಂದು ಕವಲಿನ ಹೆಸರು ‘ನಕಲಿ ಖಿಲಾರಿ’. ಖಿಲಾರಿಯ ಹಾಗೆ ಕಾಣುವ, ಆದರೆ ಮೂಲ ಸೀಮೆಯಾಚೆ ಬೆಳೆದ ದನಕ್ಕೆ ಇಟ್ಟ ಹೆಸರದು. ನಕಲಿಯನ್ನು ನಕಲಿ ಎಂದೇ ಕರೆದು, ಅದಕ್ಕೆ ತಕ್ಕ ಬೆಲೆ ಕೊಟ್ಟು, ಅದನ್ನೂ ಸಾಕಿದ ಆ ಹಿರಿಯರ ಪ್ರಾಮಾಣಿಕತೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇಳಿದರೆ ಕೃಷ್ಣೆ. ಬಸವಣ್ಣನ ಹೆಸರು ಹೊತ್ತ, ಆ ಹೆಸರಿನಲ್ಲೇ ಎತ್ತನ್ನೂ ಕರೆಯುವ ನೆಲ ಅದು. ಅಲ್ಲಿಯ ಎರಿ ಹೊಲ ಮಳೆಗೆ ಜಿಗುಟಾಗಿ ಬೇಸಿಗೆಗೆ ಬಿರಿಯುತ್ತದೆ. ಹಗುರ ಮೈಯ ಎತ್ತಿಗೆ ಆ ಮಣ್ಣು ಬಗ್ಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸಾಂಗ್ಲಿ ಸಂಸ್ಥಾನದ ಆಸರೆಯಲ್ಲಿ ಗಿರ್, ಒಂಗೋಲ್, ಮೈಸೂರು ಸೀಮೆಯ ದನಗಳ ರಕ್ತ ಕೂಡಿಸಿ ಭಾರಿ ಮೈಯ, ಜೋಲುವ ಗಂಗೆದೊಗಲಿನ ಕೃಷ್ಣಾ ತಳಿಯನ್ನು ಬೆಳೆಸಿದರು. ಎಂದರೆ ಇಂದು ‘ಶುದ್ಧ ಕೃಷ್ಣಾ’ ಅನ್ನುವುದು ಹುಟ್ಟಿದ್ದೇ ಬೆರಕೆಯಿಂದ. ಶುದ್ಧ ಅನ್ನುವ ಮಾತಿಗೆ ತಳಿಯ ವಿಷಯದಲ್ಲಿ ಇರುವ ಅರ್ಥ ಒಂದೇ: ಇಷ್ಟು ತಲೆಮಾರು ಯಾವುದಕ್ಕೆ ಯಾವುದನ್ನು ಕೂಡಿಸಿದೆವು ಎಂಬ ಲೆಕ್ಕ ಇದೆ. ಟ್ರ್ಯಾಕ್ಟರ್ ಬಂತು, ಆಲಮಟ್ಟಿಯ ಹಿನ್ನೀರು ಬಂತು. ಆ ಜೋಡಿಗಳು ಇವತ್ತು ಹುಡುಕಿದರೂ ಅಪರೂಪ.

ಇದೇ ಕೃಷ್ಣಾ ದನ ಗಿರ್, ಕಾಂಕ್ರೇಜ್, ಒಂಗೋಲ್ ಜೊತೆ ಕಡಲಾಚೆಯ ತಳಿಯೊಂದರ ರಕ್ತದಲ್ಲೂ ಇದೆ. ಅಮೆರಿಕದ ಮಾಂಸದ ತಳಿ ಬ್ರಾಹ್ಮನ್ ಬೆಳೆದದ್ದು ಇವುಗಳ ಮಿಶ್ರಣದಿಂದ. ಅದೇ ಅಮೆರಿಕದಲ್ಲಿ 1978ರಲ್ಲಿ ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಮುದ್ರೆ ಹುಟ್ಟಿತು. ಹೆಸರು ತಳಿಯದು. ಆದರೆ ಆ ಮುದ್ರೆಗೆ ಪ್ರತಿ ದನದ ವಂಶಾವಳಿ ತೋರಿಸಬೇಕಾಗಿಲ್ಲ. ಮೈಯ ಶೇ 51ಕ್ಕಿಂತ ಕಡಿಮೆಯಿಲ್ಲದಂತೆ ತೊಗಲು ಕಪ್ಪಗಿದ್ದರೆ ಮೊದಲ ಬಾಗಿಲು ದಾಟಿದ ಹಾಗೆ. ಆಮೇಲೆ ಕೊಬ್ಬು, ವಯಸ್ಸು, ತುಂಡಿನ ಅಳತೆಯ ಪರೀಕ್ಷೆ. ಆ ಪಟ್ಟಿಯಲ್ಲಿ ಒಂದು ಷರತ್ತು ನಮ್ಮನ್ನೇ ಮುಟ್ಟುತ್ತದೆ: ಹಿಣಿಲು ಎರಡು ಇಂಚು ಮೀರಬಾರದು. ಬ್ರಾಹ್ಮನ್ ರಕ್ತ ಬೆರೆತ ದನವನ್ನು ಆಚೆ ಇಡುವ ಉಪಾಯ ಇದು. ನಮ್ಮ ಪೇಟೆಯಲ್ಲಿ ಅಂಗೈಯಿಟ್ಟು ಮೆಚ್ಚುವ ಹಿಣಿಲೇ ಅಲ್ಲಿ ದನವನ್ನು ಸಾಲಿನಿಂದ ಹೊರಗೆ ಹಾಕುತ್ತದೆ. ಹಾಗೆಂದು ಆ ಮಾಂಸ ಕೀಳು ಎಂದಲ್ಲ. ಕಪ್ಪು ತೊಗಲು ಬೇರೆ ತಳಿಗೂ ಇದೆ, ಬೆರಕೆಗೂ ಬರುತ್ತದೆ. ಕೊಳ್ಳುವವನು ಮಾತ್ರ ತಳಿಯ ಹೆಸರು ಓದಿ ದುಡ್ಡು ಕೊಡುತ್ತಾನೆ. ಜಪಾನ್ ಬೇರೆ ದಾರಿ ಹಿಡಿಯಿತು. ಹುಚ್ಚುದನ ರೋಗದ ಪೆಟ್ಟು ತಿಂದ ಮೇಲೆ 2003ರಲ್ಲಿ ಕಾನೂನು ಮಾಡಿ ಪ್ರತಿ ದನಕ್ಕೂ ಹತ್ತು ಅಂಕಿಯ ಸಂಖ್ಯೆ ಕೊಟ್ಟಿತು. ಆ ಸಂಖ್ಯೆ ಅಂಗಡಿಯ ಮಾಂಸದ ಪೊಟ್ಟಣದವರೆಗೆ ಜೊತೆಗೆ ಹೋಗುತ್ತದೆ.

ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಜಾನುವಾರು ವಧೆಗೆ ಅವಕಾಶವಿಲ್ಲ. ಹಾಗಾಗಿ ನಮ್ಮಲ್ಲಿ ತಳಿಯ ಹೆಸರು ಬಂದು ಕೂತಿರುವುದು ಹಾಲಿನ ಬಾಟಲಿ, ತುಪ್ಪದ ಡಬ್ಬಿಯ ಮೇಲೆ. ‘ದೇಸಿ’, ‘ಗಿರ್’, ‘ಎ2’. ಎ1, ಎ2 ಅಂದರೆ ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ಬಗೆ. ಅದರ 67ನೇ ಕೊಂಡಿಯಲ್ಲಿ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಅಷ್ಟೇ. ತುಪ್ಪ ಕೊಬ್ಬು, ಅದರಲ್ಲಿ ಪ್ರೋಟೀನೇ ಉಳಿಯದಿರುವಾಗ ‘ಎ2 ತುಪ್ಪ’ ಅಂದರೇನು? 2024ರ ಆಗಸ್ಟ್ 21ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಬರಹ ದಾರಿ ತಪ್ಪಿಸುತ್ತದೆ, ತೆಗೆಯಿರಿ ಎಂದಿತು. 26ರಂದು ಅದೇ ಪ್ರಾಧಿಕಾರ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಐದು ದಿನದಲ್ಲಿ ಗ್ರಾಹಕ ಮತ್ತೆ ಮೊದಲಿನ ಕತ್ತಲೆಗೇ ಬಂದ.

ನಮ್ಮ ನಾಡ ದನದಲ್ಲಿ ಎ2 ತೀರಾ ಹೆಚ್ಚು ಎಂಬುದು ನಿಜ. 2009ರಲ್ಲಿ ಪ್ರಕಟವಾದ, 15 ನಾಡತಳಿಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲೂ ಅದು ಕಂಡಿತ್ತು. ಆದರೆ ಅದೇ ಅಧ್ಯಯನದಲ್ಲಿ ನಮ್ಮ ಮಲೆನಾಡು ಗಿಡ್ಡದಲ್ಲಿ ಎ1 ಕೂಡ ಅಷ್ಟಿಷ್ಟು ಸಿಕ್ಕಿತು. ಎಮ್ಮೆಗಳ ಹಾಲೋ, ಎ2 ಬಗೆಯದೇ. ಅದಕ್ಕಾಗಿ ಯಾರೂ ದುಪ್ಪಟ್ಟು ಕೊಡುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಖಿಲಾರಿ ಆಕಳು ಹೊತ್ತಿಗೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಡೇರಿಯಲ್ಲಿ ದರ ಸಿಗುವುದು ಜಿಡ್ಡು ನೋಡಿ, ತಳಿ ನೋಡಿ ಅಲ್ಲ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಉಳಲು ಎತ್ತು ಬೇಡವಾದ ಈ ದಿನಗಳಲ್ಲಿ ಖಿಲಾರಿ ಕಟ್ಟಿಕೊಂಡ ಮನೆಗೆ ನಾಲ್ಕು ಕಾಸು ಹೆಚ್ಚಿಗೆ ತರಬಲ್ಲದ್ದು ಆ ಹೆಸರು ಮಾತ್ರ. ಬೆರಕೆ ಹಾಲಿನ ಮೇಲೆ ಆ ಹೆಸರು ಅಂಟಿಸಿದವನು ಪೇಟೆಯ ಗ್ರಾಹಕನಿಗೆ ಮಾಡುವ ಮೋಸಕ್ಕಿಂತ ದೊಡ್ಡ ಮೋಸವನ್ನು ಆ ಕೊಟ್ಟಿಗೆಗೆ ಮಾಡುತ್ತಾನೆ.

ಸಾಧನ ಇಲ್ಲವೆಂದಲ್ಲ. ದನದ ಕಿವಿಯಲ್ಲಿ ಈಗ ಹಳದಿ ಬಿಲ್ಲೆ ಇದೆ, ಹನ್ನೆರಡು ಅಂಕಿ. ಆದರೆ ಬಿಲ್ಲೆ ಹೊಡೆಯುವಾಗ ತಳಿಯ ಕಲಮಿನಲ್ಲಿ ಬರೆಯುವುದು ಕಣ್ಣಿಗೆ ಕಂಡದ್ದನ್ನು. ಬಿಳಿಮೈ, ಚೂಪು ಕೋಡು ಕಂಡರೆ ಖಿಲಾರಿ. ಜಾತ್ರೆಯ ರೈತ ಕೇಳುವ ಕಡೆಯ ಪ್ರಶ್ನೆ ಅಲ್ಲಿ ಬಿಟ್ಟುಹೋಗುತ್ತದೆ. ಕೃತಕ ಗರ್ಭಧಾರಣೆಗೆ ತರುವ ವೀರ್ಯದ ಕಡ್ಡಿಯನ್ನು ಹತ್ತಿರದಿಂದ ನೋಡಿ: ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಎತ್ತಿದ ಆ ಸಣ್ಣ ಕೊಳವೆಯ ಮೇಲೆ ತಳಿ, ಹೋರಿಯ ಸಂಖ್ಯೆ, ತಾರೀಖು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತವೆ. ತಂದೆಯ ಗುರುತು ಪೂರ್ತಿ ಅಲ್ಲಿದೆ. ಕೆಲಸ ಮುಗಿದ ಮೇಲೆ ಕಡ್ಡಿ ತಿಪ್ಪೆಗೆ ಹೋಗುತ್ತದೆ. ಕಿವಿಯ ಹನ್ನೆರಡು ಅಂಕಿಯ ಎದುರು ಆ ಸಂಖ್ಯೆ ತಪ್ಪದೆ ದಾಖಲಾದರೆ, ಊರ ಹೋರಿಗೆ ಬಿಡಿಸಿದಾಗಲೂ ಆ ಹೋರಿಯ ಮನೆ ಬರೆದಿಟ್ಟರೆ, ಒಂಬತ್ತು ತಿಂಗಳ ಮೇಲೆ ಬೀಳುವ ಕರುವಿಗೆ ತಂದೆ, ತಾಯಿ ಇಬ್ಬರೂ ಕಾಗದದ ಮೇಲೆ ಸಿಗುತ್ತಾರೆ.