ಕಂಪ್ಯೂಟರ್ ಕೋಣೆಯಲ್ಲಿ, ಸ್ಟೀರಿಯೊ ಹಾಲ್‌ನಲ್ಲಿ: ಐದು ತಪ್ಪು ಕಲ್ಪನೆ

ಹಾಡುಗಳೆಲ್ಲ ಇರುವುದು ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ, ಒಳ್ಳೆಯ ಸ್ಪೀಕರ್ ಇರುವುದು ಹಾಲ್‌ನ ಸ್ಟೀರಿಯೊದಲ್ಲಿ. ಎರಡನ್ನೂ ಜೋಡಿಸಲು ಹೊರಟವರಿಗೆ ಸಲಹೆಗಳಿಗೇನೂ ಬರವಿಲ್ಲ. ಅವುಗಳಲ್ಲಿ ಕೆಲವು ದುಡ್ಡು ದಂಡ ಮಾಡಿಸುತ್ತವೆ, ಒಂದು ಮಾತ್ರ ಜೀವಕ್ಕೇ ಕುತ್ತು. ಅದನ್ನು ಕೊನೆಯಲ್ಲಿ ವಿವರವಾಗಿ ನೋಡೋಣ.

ತಪ್ಪು ಕಲ್ಪನೆ 1: ತಂತಿ ಉದ್ದವಾದರೆ ಧ್ವನಿ ಕೆಡುತ್ತದೆ.

ಸತ್ಯ: ಪಕ್ಕದ ಕೋಣೆಯ ದೂರಕ್ಕೆ ಕೆಡುವುದಿಲ್ಲ. ಹೆಡ್‌ಫೋನ್ ಜ್ಯಾಕಿನ ರೋಧ 100 ಓಮ್ ಎಂದೇ ಇಟ್ಟುಕೊಳ್ಳಿ. ತಂತಿಯ ಧಾರಕತೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಈ ಲೆಕ್ಕದಲ್ಲಿ 10 ಮೀಟರ್ ತಂತಿ ತಾರಸ್ವರವನ್ನು ಸವೆಸಲು ಶುರುಮಾಡುವುದು ಸುಮಾರು 16 ಲಕ್ಷ ಹರ್ಟ್ಜ್ ಹತ್ತಿರ. ನಮ್ಮ ಕಿವಿಯ ಮಿತಿ 20,000 ಹರ್ಟ್ಜ್! ಒಂದು ತುದಿಗೆ 3.5 ಮಿ.ಮೀ. ಪಿನ್, ಇನ್ನೊಂದಕ್ಕೆ ಕೆಂಪು-ಬಿಳಿ ಆರ್‌ಸಿಎ ಪಿನ್ ಇರುವ ಶೀಲ್ಡ್ ತಂತಿ ಸಾಕು. ಅದನ್ನು 'ಆಕ್ಸ್' ತೂತಿಗೇ ಚುಚ್ಚಿ. 'ಫೋನೊ' ಎಂದು ಬರೆದಿರುವುದು ಗ್ರಾಮಫೋನ್ ಮುಳ್ಳಿನ ಕೆಲವೇ ಮಿಲಿವೋಲ್ಟ್ ಸಂಕೇತಕ್ಕೆಂದು ಮಾಡಿದ್ದು. ಕಂಪ್ಯೂಟರಿನ ಸುಮಾರು 1 ವೋಲ್ಟ್ ಅಲ್ಲಿಗೆ ಹೋದರೆ ಧ್ವನಿ ಒಡೆಯುತ್ತದೆ.

ತಪ್ಪು ಕಲ್ಪನೆ 2: ಕಂಪ್ಯೂಟರಿನ ವಾಲ್ಯೂಮ್ ಕಡಿಮೆ ಇಟ್ಟು ಆಂಪ್ಲಿಫೈಯರಿನಲ್ಲಿ ಏರಿಸಬೇಕು.

ಸತ್ಯ: ಮಾಡಬೇಕಾದ್ದು ಇದರ ತಿರುವುಮುರುವು. ದಾರಿಯಲ್ಲಿ ತಂತಿಗೆ ಅಂಟುವ ಗದ್ದಲದ ಪ್ರಮಾಣ ಬದಲಾಗುವುದಿಲ್ಲ. ಸಂಕೇತವನ್ನೇ ಬಡವಾಗಿಸಿ ಕಳಿಸಿದರೆ, ಆಂಪ್ಲಿಫೈಯರ್ ಹಾಡಿನ ಜೊತೆಗೆ ಆ ಗದ್ದಲವನ್ನೂ ಹಿಗ್ಗಿಸುತ್ತದೆ. ಕಂಪ್ಯೂಟರಿನ ವಾಲ್ಯೂಮನ್ನು ಹೆಚ್ಚುಕಡಿಮೆ ಪೂರ್ತಿ ಇಡಿ, ಧ್ವನಿ ಒಡೆದರೆ ಮಾತ್ರ ಕೊಂಚ ಇಳಿಸಿ. ಏರಿಳಿತವೆಲ್ಲ ಆಂಪ್ಲಿಫೈಯರಿನಲ್ಲಿರಲಿ.

ತಪ್ಪು ಕಲ್ಪನೆ 3: ದುಬಾರಿ ಡಿಜಿಟಲ್ ಕೇಬಲಿನಿಂದ ಸಂಗೀತ ಇನ್ನಷ್ಟು ಇಂಪಾಗುತ್ತದೆ.

ಸತ್ಯ: ಡಿಜಿಟಲ್ ಕೇಬಲಿನಲ್ಲಿ ಹೋಗುವುದು ಸೊನ್ನೆ-ಒಂದುಗಳು. ಅವು ಸರಿಯಾಗಿ ತಲುಪಿದರೆ ಮುಗಿಯಿತು, ಚಿನ್ನದ ಲೇಪ ಅದಕ್ಕೆ ಇಂಪು ಸೇರಿಸಲಾರದು. ತಲುಪದಿದ್ದರೆ ಧ್ವನಿ ತುಂಡುತುಂಡಾಗುತ್ತದೆ ಅಥವಾ ನಿಂತೇ ಹೋಗುತ್ತದೆ.

ತಪ್ಪು ಕಲ್ಪನೆ 4: ತಂತಿಯಿಲ್ಲದ ದಾರಿಗಳೆಲ್ಲ ಒಂದೇ.

ಸತ್ಯ: ಬ್ಲೂಟೂತ್‌ಗೂ ವೈಫೈಗೂ ಬಹಳ ವ್ಯತ್ಯಾಸವಿದೆ. ಸಿ.ಡಿ. ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತ್ ಸಾಧನಗಳೆಲ್ಲ ಬಲ್ಲ ಎಸ್‌ಬಿಸಿ ವಿಧಾನ ಅದನ್ನು ಸಾಮಾನ್ಯವಾಗಿ 328 ಅಥವಾ ಅದಕ್ಕಿಂತ ಕಡಿಮೆಗೆ ಹಿಂಡಿ ಕಳಿಸುತ್ತದೆ. ಬ್ಲೂಟೂತ್ ಹತ್ತು ಮೀಟರ್ ದೂರ ಮುಟ್ಟುತ್ತದೆ ಎಂಬ ಮಾತು ಬಯಲಿನದು; ನಡುವೆ ಇಟ್ಟಿಗೆ ಗೋಡೆ ಬಂದರೆ ಅದೂ ಕುಗ್ಗುತ್ತದೆ. ಮನೆಯ ವೈಫೈಗಾದರೋ 1,411 ಕಿಲೋಬಿಟ್ ದೊಡ್ಡ ಹೊರೆಯಲ್ಲ. ಏನನ್ನೂ ಕಳೆಯದೆ ಸಂಗೀತವನ್ನು ಪೂರ್ತಿ ಒಯ್ಯಬಲ್ಲದು.

ತಪ್ಪು ಕಲ್ಪನೆ 5: ಗುಂಯ್ ಎನ್ನುವ ಸದ್ದು ಬಂದರೆ ಅರ್ತ್ ಪಿನ್ ತೆಗೆದರಾಯಿತು.

ಸತ್ಯ: ಜೀವಕ್ಕೆ ಕುತ್ತು ಎಂದದ್ದು ಇದನ್ನೇ. ಅರ್ತ್ ಪಿನ್ ತೆಗೆದರೆ ಗುಂಯ್ ಸದ್ದು ಎಷ್ಟೋ ಸಲ ನಿಲ್ಲುತ್ತದೆ, ನಿಜ. ಅದಕ್ಕೇ ಈ ಸಲಹೆ ಬಾಯಿಂದ ಬಾಯಿಗೆ ಹರಡಿದೆ.

ಆ ಸದ್ದು ಹುಟ್ಟುವ ಬಗೆ ಹೀಗೆ: ಕಂಪ್ಯೂಟರ್ ಕೋಣೆಯ ಪ್ಲಗ್ಗಿನಿಂದ ಅರ್ತ್ ಆಗಿರುತ್ತದೆ, ಸ್ಟೀರಿಯೊ ಹಾಲ್‌ನ ಪ್ಲಗ್ಗಿನಿಂದಲೋ ಟಿ.ವಿ. ಕೇಬಲಿನಿಂದಲೋ ಅರ್ತ್ ಆಗಿರುತ್ತದೆ. ಈ ಎರಡು ಅರ್ತ್‌ಗಳ ಮಟ್ಟದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದೇ ಇರುತ್ತದೆ. ನಡುವೆ ಆಡಿಯೊ ತಂತಿ ಎಳೆದೊಡನೆ ಅದರ ಶೀಲ್ಡ್‌ನಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಕೇಳಿಸುವುದು 50, 100, 150 ಹರ್ಟ್ಜ್‌ಗಳ ಗುನುಗು. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಲು ಕೂತವರಿಗೆ ಇದು ತಂಬೂರಿಯ ಅಡಿಯಲ್ಲಿ ಮಿಡಿಯುವ, ಯಾರೂ ಕೇಳದ ಇನ್ನೊಂದು ಶ್ರುತಿ.

ಆದರೆ ಅರ್ತ್ ಪಿನ್ ಇರುವುದು ಹಾಡಿಗಾಗಿ ಅಲ್ಲ, ನಿಮಗಾಗಿ. ಉಪಕರಣದೊಳಗೆ ಫೇಸ್ ತಂತಿ ಸಡಿಲಾಗಿ ಲೋಹದ ಮೈಗೆ ತಾಗಿದರೆ, ಅರ್ತ್ ಆ ಕರೆಂಟನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸುತ್ತದೆ. ಅರ್ತ್ ಇಲ್ಲದಿದ್ದರೆ ಡಬ್ಬಿಯ ಮೈಯೆಲ್ಲ 230 ವೋಲ್ಟ್. ಅದು ಆಡಿಯೊ ತಂತಿಯ ಶೀಲ್ಡ್ ಹಿಡಿದು ಪಕ್ಕದ ಕೋಣೆಯ ಸ್ಟೀರಿಯೊಗೂ ದಾಟಬಹುದು. ಮುಟ್ಟುವ ಮಗುವಿಗೆ ಅದು ತಿಳಿಯುವುದು ಹೇಗೆ?

ಮೊದಲು ಕಾರಣ ಹುಡುಕಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ತೊಂದರೆ ಇರುವುದು ಈ ಅರ್ತ್ ಸುತ್ತಿನಲ್ಲೇ, ಅಂದರೆ ಗ್ರೌಂಡ್ ಲೂಪಿನಲ್ಲೇ. ನಿಲ್ಲದಿದ್ದರೆ ಸ್ಟೀರಿಯೊಗೆ ಸೇರಿದ ಟಿ.ವಿ. ಕೇಬಲ್ ಬಿಚ್ಚಿ ನೋಡಿ. ಪರಿಹಾರ ಮೂರಿವೆ. ಆಡಿಯೊ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು: ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಲೋಹದ ಸಂಪರ್ಕವಿಲ್ಲದೆ ಸಂಕೇತವನ್ನು ದಾಟಿಸುತ್ತವೆ, ತೀರಾ ಅಗ್ಗದ್ದಾದರೆ ಮಂದ್ರ ಸ್ವರ ಕೊಂಚ ತೆಳುವಾಗಬಹುದು. ಎರಡೂ ಕಡೆ ಸೌಲಭ್ಯವಿದ್ದರೆ, ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಆಪ್ಟಿಕಲ್ ಕೇಬಲ್ ಒಳ್ಳೆಯದು: ಅದರಲ್ಲಿ ಸಾಗುವುದು ಬೆಳಕು, ಹಾಗಾಗಿ ಕರೆಂಟಿಗೆ ದಾರಿಯೇ ಇಲ್ಲ. ಮೂರನೆಯದು ವೈಫೈ.

ಮೂರರಲ್ಲಿ ಯಾವುದನ್ನು ಆರಿಸಿದರೂ ತಂಬೂರಿ ಒಂದೇ ಶ್ರುತಿಯಲ್ಲಿ ಮಿಡಿಯುತ್ತದೆ, ಅರ್ತ್ ಪಿನ್ ತನ್ನ ಜಾಗದಲ್ಲೇ ಇರುತ್ತದೆ.