ಶಾಸನಗಳ ಜಾಲಚಿತ್ರದಲ್ಲಿ ರಾಜ ಏಕೆ ಅಷ್ಟು ದೊಡ್ಡವನು?

ಶ್ರವಣಬೆಳಗೊಳದಂಥ ದೊಡ್ಡ ಶಾಸನ ಸಮೂಹವನ್ನು ಜಾಲಚಿತ್ರವಾಗಿ ನೋಡಬೇಕೆಂಬ ಆಸೆ ಸಹಜವಾದದ್ದೇ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟದಲ್ಲಿ ರೈಸ್ ಅವರು 1889ರಲ್ಲಿ ಕೊಟ್ಟದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಏರಿಸಿದರು, 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573 ಆಯಿತು. ಇಷ್ಟು ಶಾಸನಗಳ ರಾಜ, ರಾಣಿ, ದಂಡನಾಯಕ, ಆಚಾರ್ಯರನ್ನೆಲ್ಲ ಬಿಂದುಗಳಾಗಿಸಿ, ಅವರ ಸಂಬಂಧಗಳನ್ನು ಕೊಂಡಿಗಳಾಗಿಸಿ, ಗೆಫಿ ಅಥವಾ ಸೈಟೊಸ್ಕೇಪ್‌ನಂಥ ತಂತ್ರಾಂಶಕ್ಕೆ ಉಣಿಸಿದರೆ ಅದು ಬಿಂದುಗಳ ಗಾತ್ರವನ್ನು ತಾನೇ ಹೊಂದಿಸಿ ಕೊಡುತ್ತೆ. ತೊಂದರೆ ಶುರುವಾಗೋದು ಅಲ್ಲೇ. ಒಂದೋ ಎಲ್ಲ ಬಿಂದುಗಳೂ ಒಂದೇ ಗಾತ್ರ, ಇಲ್ಲವೇ ಒಬ್ಬ ವಿಷ್ಣುವರ್ಧನ ಕುಂಬಳಕಾಯಿ, ಮಿಕ್ಕವರೆಲ್ಲ ಸಾಸಿವೆ.

ಮೊದಲು ತಂತ್ರಾಂಶದ ಕಡೆಯ ಕಾರಣಗಳನ್ನು ನೋಡಿಬಿಡೋಣ, ಅವು ಸುಲಭ. ಗೆಫಿಯಲ್ಲಿ ಗಾತ್ರ ಹೊಂದಿಸುವುದು ಅಪಿಯರೆನ್ಸ್ ಫಲಕದ ರ‍್ಯಾಂಕಿಂಗ್ ಭಾಗದಲ್ಲಿ. ನಿಮ್ಮ ಅಂಕಣ ಅಲ್ಲಿ ಕಾಣುತ್ತಲೇ ಇಲ್ಲ ಅಂದರೆ ಅದು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರವಾಗಿ ಒಳಗೆ ಬಂದಿದೆ. ಶಾಸನದವರಿಗೆ ಇದು ತಪ್ಪದ ಕಾಟ, ಏಕೆಂದರೆ ಓದು ಅನುಮಾನವಿದ್ದ ಕಡೆ ‘3?’ ಅಂತಲೋ ‘ಸು. 5’ ಅಂತಲೋ ಬರೆಯುವ ಶಿಸ್ತು ನಮಗೆ ರೂಢಿಯಾಗಿದೆ. ಪ್ರಶ್ನಾರ್ಥಕ ಚಿಹ್ನೆ ಇರಲಿ, ಆದರೆ ಅದಕ್ಕೆ ಪಕ್ಕದಲ್ಲಿ ಬೇರೆ ಅಂಕಣ ಮಾಡಿ. ಸಂಖ್ಯೆಯ ಅಂಕಣದಲ್ಲಿ ಅಂಕಿ ಮಾತ್ರ ಉಳಿಯಲಿ, ಒಳಗೆ ತರುವಾಗ ಅದರ ಬಗೆ ಇಂಟೀಜರ್ ಎಂದು ಆರಿಸಿ.

ಸೈಟೊಸ್ಕೇಪ್‌ನಲ್ಲಿ ಗಾತ್ರ ಅಲುಗಾಡದಿದ್ದರೆ ಸ್ಟೈಲ್ ಫಲಕದಲ್ಲಿ ಅಗಲ-ಎತ್ತರಗಳನ್ನು ಒಟ್ಟಿಗೆ ಬೀಗ ಹಾಕುವ ಚೌಕ ಗುರುತಾಗಿದೆಯೇ ನೋಡಿ. ಅದು ಖಾಲಿಯಿದ್ದರೆ ಗಾತ್ರದ ಸೂಚನೆಯನ್ನು ತಂತ್ರಾಂಶ ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಇನ್ನೊಂದು ವಿಷಯ: ಒಮ್ಮೆ ಎಣಿಸಿಟ್ಟ ಡಿಗ್ರಿ ಅಂಕಣ, ನೀವು ಆಮೇಲೆ ಹತ್ತು ಶಾಸನ ಸೇರಿಸಿದರೂ ಹಳೆಯ ಲೆಕ್ಕವನ್ನೇ ಹಿಡಿದು ಕೂತಿರುತ್ತೆ. ವಿಶ್ಲೇಷಣೆಯನ್ನು ಮತ್ತೆ ಓಡಿಸಬೇಕು. ಗೆಫಿಯ ವೆಯ್ಟೆಡ್ ಡಿಗ್ರಿಯದೂ ಇದೇ ಕಥೆ.

ಈಗ ಕುಂಬಳಕಾಯಿಯ ಪ್ರಶ್ನೆ. ‘ತಾನೇ ಹೊಂದಿಸುತ್ತೆ’ ಅನ್ನೋದರ ಅರ್ಥ ಇಷ್ಟೇ: ಅತಿ ಚಿಕ್ಕ ಸಂಖ್ಯೆಗೆ ನೀವು ಕೊಟ್ಟ ಕನಿಷ್ಠ ಗಾತ್ರ, ಅತಿ ದೊಡ್ಡದಕ್ಕೆ ಗರಿಷ್ಠ, ನಡುವಿನವು ಆ ಗೆರೆಯ ಮೇಲೆ. ಕೊಂಡಿಗಳು 1ರಿಂದ 40ರವರೆಗೆ ಇವೆ, ಗಾತ್ರ 10ರಿಂದ 100 ಎಂದು ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಆಗ 2 ಕೊಂಡಿಯವನಿಗೆ ಸುಮಾರು 12, 5 ಕೊಂಡಿಯವನಿಗೆ ಸುಮಾರು 19. ಒಬ್ಬ ರಾಜನ 40 ಎಲ್ಲರನ್ನೂ ತಳಕ್ಕೆ ಒತ್ತಿಬಿಟ್ಟಿದೆ. ಜೊತೆಗೆ ಕಣ್ಣು ಓದೋದು ವೃತ್ತದ ವಿಸ್ತೀರ್ಣವನ್ನು, ವ್ಯಾಸವನ್ನಲ್ಲ. ವ್ಯಾಸ ಹತ್ತು ಪಟ್ಟಾದರೆ ವಿಸ್ತೀರ್ಣ ನೂರು ಪಟ್ಟು. 40 ಪಟ್ಟಿನ ವ್ಯತ್ಯಾಸ ನೂರು ಪಟ್ಟಾಗಿ ಕಾಣುತ್ತೆ, ಅದೂ ನಾವು ಕೇಳದೆ.

ಪರಿಹಾರ ಕಷ್ಟದ್ದಲ್ಲ. ಮೊದಲೇ ಸ್ಪ್ರೆಡ್‌ಶೀಟಿನಲ್ಲಿ ಕೊಂಡಿಗಳ ವರ್ಗಮೂಲದ ಅಂಕಣವೊಂದನ್ನು ಮಾಡಿಟ್ಟು, ಗಾತ್ರ 10ರಿಂದ 63 ಎಂದು ಕೊಡಿ. 40ರ ವರ್ಗಮೂಲ ಸುಮಾರು 6.3 ಆದ್ದರಿಂದ ಈ ಅಳತೆ. ಈಗ 2 ಕೊಂಡಿಗೆ 14, 5ಕ್ಕೆ 22 ಬರುತ್ತೆ, ವಿಸ್ತೀರ್ಣ ಕೊಂಡಿಗಳಿಗೆ ಸರಿಸಮ.

ಆದರೂ ರಾಜ ದೊಡ್ಡವನಾಗಿಯೇ ಉಳಿಯುತ್ತಾನೆ. ಇದಕ್ಕೆ ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ, ಶಾಸನದ ಒಕ್ಕಣೆಯೇ ಹಾಗಿದೆ. ಯಾರೋ ಗದ್ದೆ ಬಿಟ್ಟರೂ ಯಾರೋ ಬಸದಿ ಮಾಡಿಸಿದರೂ ಇಂಥವನು ರಾಜ್ಯಂಗೆಯ್ಯುತ್ತಿರಲು ಅಂತ ರಾಜನ ಹೆಸರು ಬರಲೇಬೇಕು. ಅದು ಕಾಲಸೂಚನೆ, ಸಂಬಂಧವಲ್ಲ. ಗಂಗರಾಜನಿಗೂ ಅವನ ಗುರು ಶುಭಚಂದ್ರರಿಗೂ ಇರುವ ನಂಟು ಬೇರೆ, ಆಳ್ವಿಕೆಯ ಉಲ್ಲೇಖ ಬೇರೆ. ಕೊಂಡಿಗಳ ಪಟ್ಟಿಯಲ್ಲಿ ‘ಬಗೆ’ ಎಂಬ ಅಂಕಣವಿಟ್ಟು ದಾನ, ಗುರು-ಶಿಷ್ಯ, ರಕ್ತಸಂಬಂಧ, ಆಳ್ವಿಕೆ ಎಂದು ಬೇರ್ಪಡಿಸಿ, ಆಳ್ವಿಕೆಯನ್ನು ಬಿಟ್ಟು ಎಣಿಸಿ ನೋಡಿ. ದಂಡನಾಯಕರು, ಆಚಾರ್ಯರು, ದಾನ ಮಾಡಿದ ಹೆಂಗಸರು ಆಗ ಕಣ್ಣಿಗೆ ಬೀಳ್ತಾರೆ.

ಇದರ ತಿರುಗುಮುರುಗೂ ಉಂಟು. ಒಂದೇ ಶಾಸನದಲ್ಲಿ ಬಂದವರನ್ನೆಲ್ಲ ಪರಸ್ಪರ ಜೋಡಿಸುವ ಪದ್ಧತಿ ಹಿಡಿದರೆ, 30 ಹೆಸರಿನ ಒಂದು ಶಾಸನ 435 ಕೊಂಡಿ ಹುಟ್ಟಿಸುತ್ತೆ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಂಥ ಉದ್ದನೆಯ ಗುರುಪರಂಪರೆ ಸಾಕು, ಸಮಂತಭದ್ರ, ಅಕಲಂಕರಂಥ ಹಿಂದಿನ ಆಚಾರ್ಯರು ಶಾಂತಲೆಯ ಕಾಲದ ಚಿತ್ರವನ್ನು ತುಂಬಿಬಿಡ್ತಾರೆ. ವ್ಯಕ್ತಿಗೂ ಶಾಸನಕ್ಕೂ ನಡುವೆ ಕೊಂಡಿ ಹಾಕೋದು ಇದಕ್ಕಿಂತ ಲೇಸು ಅಂತ ನನ್ನ ಅಭಿಪ್ರಾಯ.

ಹೆಸರುಗಳ ಗೋಜಲಂತೂ ಗಾತ್ರವನ್ನು ಎರಡೂ ಕಡೆ ಎಳೆಯುತ್ತೆ. ಬಿಟ್ಟಿದೇವ, ಬಿಟ್ಟಿಗ, ವಿಷ್ಣುವರ್ಧನ ಎಂದು ಮೂರು ಬಿಂದುಗಳಾದರೆ ಒಬ್ಬನೇ ಮೂರು ಪಾಲಾಗ್ತಾನೆ. ಬೆಳಗೊಳದ ಮೊದಲ ಶಾಸನದ, ಸುಮಾರು ಕ್ರಿ.ಶ. 600ರ ಪ್ರಭಾಚಂದ್ರರನ್ನೂ ಶಾಂತಲೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವರನ್ನೂ ಒಂದೇ ಬಿಂದುವಾಗಿ ಬೆಸೆದರೆ, ಐದು ಶತಮಾನ ಬದುಕಿದ ಒಬ್ಬ ಮಹಾಮುನಿ ಹುಟ್ಟಿಕೊಳ್ತಾರೆ. ತ್ರಿಭುವನಮಲ್ಲ ಎಂಬ ಬಿರುದು ಚಾಲುಕ್ಯ ಆರನೇ ವಿಕ್ರಮಾದಿತ್ಯನಿಗೂ ಇತ್ತು, ವಿಷ್ಣುವರ್ಧನನಿಗೂ ಇತ್ತು. ಹಾಗಾಗಿ ಪ್ರತಿ ವ್ಯಕ್ತಿಗೂ ಹೆಸರಿನ ಬದಲು ಒಂದು ಗುರುತು ಸಂಖ್ಯೆ ಕೊಡಿ, ಹೆಸರು ಬರೀ ಪಟ್ಟಿಯಾಗಿ ಪಕ್ಕದಲ್ಲಿರಲಿ.

ಎರಡು ಕಾಲದ ಚಿತ್ರಗಳನ್ನು ಅಕ್ಕಪಕ್ಕ ಇಡೋದಾದರೆ, ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬೇಡಿ. ಗಂಗರ ಕಾಲದ 6 ಕೊಂಡಿಯವನೂ ಹೊಯ್ಸಳರ ಕಾಲದ 40 ಕೊಂಡಿಯವನೂ ಸಮನಾಗಿ ಕಾಣ್ತಾರೆ. ಇಡೀ ಜಾಲಕ್ಕೆ ಒಮ್ಮೆ ಗಾತ್ರ ಕೊಟ್ಟು, ಆಮೇಲೆ ಕಾಲದ ಪ್ರಕಾರ ಸೋಸಿ ತೋರಿಸಿ. ಗೆಫಿಯ ಲೋಕಲ್ ಸ್ಕೇಲ್ ಗುಂಡಿ ಆಗ ಆರಿಯೇ ಇರಲಿ. ಚಿತ್ರದ ಕೆಳಗೆ ಒಂದು ಸಾಲು ಸಾಕು: ‘ಗಾತ್ರ = ಆಳ್ವಿಕೆಯ ಉಲ್ಲೇಖ ಬಿಟ್ಟು ಉಳಿದ ಕೊಂಡಿಗಳ ವರ್ಗಮೂಲ; ಎ.ಕ. ಸಂಪುಟ 2, 1973ರ ಆವೃತ್ತಿ.’